ಪೇಶ್ವೆ ಬಿಠೂರಿಗೆ, ಉಮಾಜಿ ಬೆಟ್ಟಕ್ಕೆ

1818ರ ಜೂನ್ 3ರಂದು, ಅಸೀರಗಡದ ಹತ್ತಿರ, ಎರಡನೆಯ ಬಾಜೀರಾವ ಪೇಶ್ವೆ ಈಸ್ಟ್ ಇಂಡಿಯಾ ಕಂಪನಿಯ ಸರ್ ಜಾನ್ ಮಾಲ್ಕಮ್‌ಗೆ ಶರಣಾದ. ಏಳು ತಿಂಗಳಿಂದ ಪುಣೆ ಬಿಟ್ಟು ಊರಿಂದೂರಿಗೆ ಓಡುತ್ತಿದ್ದವನು ಅವನು. ಕರಾರು ಸರಳವಾಗಿತ್ತು. ಪೇಶ್ವೆ ಪದವಿಯನ್ನೂ ರಾಜ್ಯವನ್ನೂ ಬಿಟ್ಟುಕೊಡಬೇಕು, ದಖ್ಖನ್ನಿನ ಕಡೆ ಮತ್ತೆ ತಲೆಹಾಕಬಾರದು. ಇದಕ್ಕೆ ಪ್ರತಿಯಾಗಿ ವರ್ಷಕ್ಕೆ 8 ಲಕ್ಷ ರೂಪಾಯಿ ಪಿಂಚಣಿ. ಇಷ್ಟು ದೊಡ್ಡ ಮೊತ್ತಕ್ಕೆ ಒಪ್ಪಿದ್ದಕ್ಕಾಗಿ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಮಾಲ್ಕಮ್ ಮೇಲೆ ಅಸಮಾಧಾನಪಟ್ಟ. ಪೇಶ್ವೆ ಬಹಳ ದಿನ ಬಾಳಲಿಕ್ಕಿಲ್ಲ ಎಂಬ ಸಮಾಧಾನ ಕಂಪನಿಗಿತ್ತು. ಬಾಜೀರಾವ ಆ ಲೆಕ್ಕವನ್ನೂ ತಪ್ಪಿಸಿದ. ಗಂಗೆಯ ದಂಡೆಯ ಬಿಠೂರಿನಲ್ಲಿ 1851ರ ಜನವರಿಯವರೆಗೆ, ಮೂವತ್ತೆರಡು ವರ್ಷಕ್ಕೂ ಮಿಕ್ಕಿ, ಪಿಂಚಣಿ ಉಂಡು ತೀರಿಕೊಂಡ.

ರಾಜ್ಯದ ಮಾತು ಅಲ್ಲಿಗೆ ಮುಗಿಯಿತು. ಆದರೆ ಆ ರಾಜ್ಯದ ಕೋಟೆ ಬಾಗಿಲು, ಘಾಟಿನ ದಾರಿ, ಊರ ಗಡಿ ಕಾಯುತ್ತಿದ್ದ ಸಾವಿರಾರು ಜನ ಇದ್ದಲ್ಲೇ ಇದ್ದರು. ಯಾವ ಕರಾರಿನಲ್ಲೂ ಅವರ ಹೆಸರಿರಲಿಲ್ಲ. ಪುಣೆ ಸೀಮೆಯಲ್ಲಿ ಮುಂದಿನ ಹದಿನಾಲ್ಕು ವರ್ಷ ಕಂಪನಿಯ ನಿದ್ದೆ ಕೆಡಿಸಿದವರು ಈ ಕಾವಲುಗಾರರೇ. ಸರದಾರರೂ ಜಹಗೀರುದಾರರೂ ಸುಮ್ಮನಾದ ಮೇಲೆ ಅವರು ಎದ್ದರು. ಅವರಲ್ಲಿ ಮುಂಚೂಣಿಯವನು ಪುರಂದರ ಬೆಟ್ಟದ ತಪ್ಪಲಿನ ಭಿವಡಿ ಊರಿನ ಉಮಾಜಿ ನಾಯಕ.

ಬಾವುಟ ಬದಲಾದ ಊರು

ಪುಣೆ ಕೈತಪ್ಪಿದ್ದು ಶರಣಾಗತಿಗೂ ಮೊದಲೇ. 1817ರ ನವೆಂಬರ್ 5ರಂದು ಖಡಕಿಯ ಬಯಲಿನಲ್ಲಿ ಪೇಶ್ವೆಯ ದೊಡ್ಡ ದಂಡು ಮೂರು ಸಾವಿರಕ್ಕೂ ಕಡಿಮೆ ಇದ್ದ ಕಂಪನಿ ಪಡೆಯನ್ನು ಎದುರಿಸಿ ಹಿಮ್ಮೆಟ್ಟಿತು. ಬಾಜೀರಾವ ಆ ಕಾಳಗವನ್ನು ಪರ್ವತಿ ಗುಡ್ಡದ ಮೇಲಿಂದ ನೋಡಿದ. ಹೊಳೆಗಳ ಸಂಗಮದಲ್ಲಿದ್ದ ರೆಸಿಡೆಂಟ್ ಎಲ್ಫಿನ್‌ಸ್ಟನ್ನನ ಬಂಗಲೆಗೆ ಮರಾಠರು ಬೆಂಕಿಯಿಟ್ಟರು. ಅವನ ಪುಸ್ತಕ, ಕಾಗದಪತ್ರಗಳು ಸುಟ್ಟುಹೋದವು. ಅದರಿಂದ ಯುದ್ಧದ ದಿಕ್ಕೇನೂ ಬದಲಾಗಲಿಲ್ಲ. ನವೆಂಬರ್ 17ರಂದು ಪೇಶ್ವೆಯ ಅರಮನೆಯಾದ ಶನಿವಾರವಾಡೆಯ ಮೇಲೆ ಇಂಗ್ಲಿಷರ ಬಾವುಟ ಏರಿತು. ಅದನ್ನು ಏರಿಸುವುದರಲ್ಲಿ ಬಾಳಾಜಿಪಂತ ನಾತೂ ಎಂಬ ಪುಣೆಯವನ ಕೈಯೂ ಇತ್ತೆಂಬುದನ್ನು ಆ ಊರು ಇಂದಿಗೂ ಮರೆತಿಲ್ಲ.

ಉಳಿದದ್ದು ಬೆನ್ನಟ್ಟುವ ಕೆಲಸ. 1818ರ ಜನವರಿ 1ರಂದು ಭೀಮಾ ತೀರದ ಕೋರೆಗಾವದಲ್ಲಿ ದಿನವಿಡೀ ಕಾದಾಟ ನಡೆಯಿತು. ಫೆಬ್ರವರಿ 20ರಂದು ಅಷ್ಟಿಯಲ್ಲಿ ಪೇಶ್ವೆಯ ಸೇನಾಪತಿ ಬಾಪೂ ಗೋಖಲೆ ಕಾದಾಡುತ್ತಲೇ ಮಡಿದ. ಮಾರ್ಚ್ ತಿಂಗಳಲ್ಲಿ ಸಿಂಹಗಡ, ಪುರಂದರಗಳು ಕಂಪನಿಯ ವಶವಾದವು. ಅದೇ ಹೊತ್ತಿಗೆ ದಕ್ಷಿಣದ ಕನ್ನಡ ಸೀಮೆಯಲ್ಲಿ ಕಂಪನಿಯ ಥಾಮಸ್ ಮನ್ರೋ ಬೇರೆಯೇ ಬಗೆಯ ಯುದ್ಧ ಹೂಡಿದ್ದ. ಅವನ ಬಳಿ ಪಡೆ ಕಡಿಮೆಯಿತ್ತು. ಊರೂರಿನಿಂದ ಆಳುಗಳನ್ನು ಕಲೆಹಾಕಿ, ಪೇಶ್ವೆಯ ಹಳ್ಳಿಗಳಿಗೆ ತನ್ನ ಅಮಲ್ದಾರರನ್ನು ಕಳಿಸಿ, ಯುದ್ಧ ನಡೆದಿರುವಾಗಲೇ ಕಂದಾಯ ಎತ್ತತೊಡಗಿದ. ಬಾದಾಮಿ ಫೆಬ್ರವರಿಯಲ್ಲಿ, ಬೆಳಗಾವಿ ಕೋಟೆ ಏಪ್ರಿಲ್‌ನಲ್ಲಿ ಬಿದ್ದವು. ಬೆಳಗಾವಿಯ ಮುತ್ತಿಗೆಗೆ ಕಿತ್ತೂರಿನ ದೇಸಾಯಿ ಇಂಗ್ಲಿಷರಿಗೆ ನೆರವು ಕೊಟ್ಟ. ಅವನಿಗೆ ಪುಣೆಯ ಮೇಲೆ ಸಿಟ್ಟಿರಲು ಕಾರಣವಿತ್ತು. ಅವನ ತಂದೆ ಮಲ್ಲಸರ್ಜನನ್ನು ಪೇಶ್ವೆ ಹಿಡಿದು ಪುಣೆಯಲ್ಲಿ ವರ್ಷಗಟ್ಟಲೆ ಇರಿಸಿಕೊಂಡಿದ್ದ. ಬಿಡುಗಡೆಯಾಗಿ ಊರ ದಾರಿ ಹಿಡಿದ ಮಲ್ಲಸರ್ಜ 1816ರಲ್ಲಿ ದಾರಿಯಲ್ಲೇ ತೀರಿಕೊಂಡಿದ್ದ. ಪುಣೆಯನ್ನು ಕೆಡವಲು ನೆರವಾದ ಕಿತ್ತೂರಿಗೆ ಆರೇ ವರ್ಷದಲ್ಲಿ ತನ್ನ ಸರದಿ ಬಂತು.

ಯಾರಿಗೆ ಏನು ಸಿಕ್ಕಿತು

ಎಲ್ಫಿನ್‌ಸ್ಟನ್ ಜಾಣ. 1818ರ ಫೆಬ್ರವರಿ 11ರಂದು ಸಾತಾರಾದಿಂದ ಹೊರಡಿಸಿದ ಜಾಹೀರನಾಮೆಯಲ್ಲಿ, ಶರಣು ಬಂದವರ ವತನ, ಇನಾಮು, ದೇವಸ್ಥಾನದ ಉಂಬಳಿಗಳಿಗೆ ಧಕ್ಕೆಯಿಲ್ಲವೆಂದು ಮಾತು ಕೊಟ್ಟ. ಏಪ್ರಿಲ್‌ನಲ್ಲಿ ಶಿವಾಜಿಯ ವಂಶದ ಪ್ರತಾಪಸಿಂಹನನ್ನು ಸಾತಾರಾದ ಗಾದಿಗೆ ಕೂರಿಸಿ, ಮರಾಠರ ಮಾನ ಉಳಿಸಿದಂತೆ ತೋರಿಸಿದ. ಸರದಾರರಿಗೆ ಜಹಗೀರು ಇಲ್ಲವೇ ಪಿಂಚಣಿ ಸಿಕ್ಕಿತು. ಪಂಡಿತರಿಗೆ ದಕ್ಷಿಣೆ ಹಂಚುವ ಪೇಶ್ವೆ ಕಾಲದ ಪದ್ಧತಿ ಪೂರ್ತಿ ನಿಲ್ಲಲಿಲ್ಲ. 1821ರಲ್ಲಿ ವಿಶ್ರಾಮಬಾಗವಾಡೆಯಲ್ಲಿ ಸಂಸ್ಕೃತ ಪಾಠಶಾಲೆ ಶುರುವಾಯಿತು. ಮುಂದೆ ಡೆಕ್ಕನ್ ಕಾಲೇಜಾಗಿ ಬೆಳೆದದ್ದು ಅದೇ. ಊರಿನಲ್ಲಿ ದನಿ ಎತ್ತಬಲ್ಲವರೆಲ್ಲರಿಗೂ ಒಂದೊಂದು ತುತ್ತು ಸಿಕ್ಕಿತು.

ಬಿಟ್ಟುಹೋದವರು ರಾಮೋಶಿಗಳು. ನಮ್ಮ ಕಡೆಯ ತಳವಾರ, ಬೇಡರ ಕೆಲಸವನ್ನೇ ಪುಣೆ, ಸಾತಾರಾ ಸೀಮೆಯಲ್ಲಿ ಮಾಡುತ್ತಿದ್ದ ಸಮುದಾಯ ಅದು. ರಾತ್ರಿ ಊರು ಕಾಯುವುದು, ಬೆಳೆ ಕಾಯುವುದು, ಪಯಣಿಗರನ್ನು ಘಾಟು ದಾಟಿಸುವುದು ಅವರ ಪಾಲಿನದು. ಕಳವಾದರೆ ಹೆಜ್ಜೆ ಹಿಡಿದು ಹೊರಡಬೇಕು. ಹೆಜ್ಜೆ ಮುಂದಿನ ಊರ ಗಡಿ ದಾಟಿತೆಂದು ತೋರಿಸಿಕೊಟ್ಟರೆ ಹೊಣೆ ಆ ಊರ ಕಾವಲುಗಾರನಿಗೆ ದಾಟುತ್ತಿತ್ತು. ತೋರಿಸಲಾಗದಿದ್ದರೆ ಕಳೆದ ಮಾಲಿನ ಬೆಲೆ ತಾವೇ ತುಂಬಬೇಕು. ಇದಕ್ಕೆಲ್ಲ ಕೂಲಿಯಾಗಿ ಸುಗ್ಗಿಯ ಕಣದಲ್ಲಿ ಕಾಳು, ಹಬ್ಬದಲ್ಲಿ ಪಾಲು, ಒಂದಿಷ್ಟು ಹೊಲ. ಕೋಟೆ ಕಾಯುವ ರಾಮೋಶಿಗಳಿಗೆ ಕೋಟೆಯ ಬುಡದಲ್ಲೇ ಇನಾಮು ಭೂಮಿ. ಉಮಾಜಿಯ ಮನೆತನ ಪುರಂದರದ ಕಾವಲಿಗೆ ಸೇರಿದ್ದು.

ಪೇಶ್ವೆ ಕಾಲ ಇವರಿಗೆ ಸುಖದ ಕಾಲವಾಗಿತ್ತು ಎನ್ನುವಂತಿಲ್ಲ. ಬಾಜೀರಾವನ ದಿನಗಳಲ್ಲೇ ಪುರಂದರದ ಹಕ್ಕುಗಳ ವಿಷಯದಲ್ಲಿ ರಾಮೋಶಿಗಳಿಗೂ ಸರಕಾರಕ್ಕೂ ಜಟಾಪಟಿ ನಡೆದಿತ್ತು. ಆದರೆ ಪೇಶ್ವೆ ಸರಕಾರದೊಡನೆ ಜಗಳವಾಡಲು ಒಂದು ದಾರಿಯಿತ್ತು. ಬೆಟ್ಟ ಹತ್ತಿ ಕೂರುವುದು, ನಾಲ್ಕು ಊರು ಕೊಳ್ಳೆ ಹೊಡೆಯುವುದು, ಆಮೇಲೆ ಮಧ್ಯಸ್ಥರ ಮೂಲಕ ರಾಜಿಯಾಗಿ ಹಕ್ಕು ಮರಳಿ ಪಡೆಯುವುದು. ಇದು ದಖ್ಖನ್ನಿನ ಹಳೆಯ ರಾಜಕಾರಣ. ಹೊಸ ಸರಕಾರ ಕೋಟೆಗಳನ್ನೇ ಬೇಡವೆಂದಿತು. ಮತ್ತೆ ಯಾರೂ ಒಳಸೇರದಂತೆ ಹಲವು ಕೋಟೆಗಳ ಮೆಟ್ಟಿಲು, ಬಾಗಿಲುಗಳನ್ನು ಮದ್ದಿಟ್ಟು ಸಿಡಿಸಿತು. ಕಾಯಲು ಕೋಟೆಯೇ ಇಲ್ಲವೆಂದ ಮೇಲೆ ಕಾವಲುಗಾರನಿಗೆ ಹೊಲವೇಕೆ ಎಂಬುದು ಕಚೇರಿಯ ತರ್ಕ.

ಆ ಹೊತ್ತಿಗೆ ಹಳ್ಳಿಯ ಸ್ಥಿತಿಯೂ ಕೆಟ್ಟಿತು. ಪೇಶ್ವೆಯ ದಂಡು ಚದುರಿ ಸಾವಿರಾರು ಸವಾರರು, ಸಿಪಾಯಿಗಳು ಊರಿಗೆ ಮರಳಿದರು. ದಂಡಿಗಾಗಿ ಕಾಳು ಕೊಳ್ಳುವವರು ಇಲ್ಲವಾದರು, ಧಾನ್ಯದ ಬೆಲೆ ಕುಸಿಯಿತು, ಕಂದಾಯ ಮಾತ್ರ ಇಳಿಯಲಿಲ್ಲ. 1824–25ರಲ್ಲಿ ಮಳೆ ಕೈಕೊಟ್ಟಿತು. ಇದೇ ದಶಕದ ಕೊನೆಗೆ ಪ್ರಿಂಗಲ್ ಎಂಬ ಅಧಿಕಾರಿ ಪುಣೆ ಜಿಲ್ಲೆಯ ಹೊಲಗಳನ್ನೆಲ್ಲ ಅಳೆಸಿ, ಖರ್ಚು ಕಳೆದು ಉಳಿಯುವ ಹುಟ್ಟುವಳಿಯಲ್ಲಿ ನೂರಕ್ಕೆ 55 ಪಾಲು ಸರಕಾರಕ್ಕೆ ಎಂದು ಗೊತ್ತುಮಾಡಿದ. ಕಾಗದದ ಮೇಲೆ ಲೆಕ್ಕ ಚೊಕ್ಕವಾಗಿತ್ತು. ಹೊಲದಲ್ಲಿ ಅದು ನಡೆಯಲಿಲ್ಲ. ಇಂದಾಪುರದಂಥ ಒಣ ತಾಲೂಕುಗಳಲ್ಲಿ ರೈತರು ಹೊಲ ಬೀಳುಬಿಟ್ಟು ಹೊರಟರು. ಕೆಲವೇ ವರ್ಷಗಳಲ್ಲಿ ಸರಕಾರವೇ ಆ ಲೆಕ್ಕವನ್ನು ಕೈಬಿಟ್ಟು, ಮತ್ತೆ ಮೋಜಣಿ ಮಾಡಿಸಬೇಕಾಯಿತು. ರೈತನ ಕಣದಲ್ಲಿ ಕಾಳು ಕಡಿಮೆಯಾದರೆ ಕಾವಲುಗಾರನ ಪಾಲೂ ಕಡಿಮೆ. ಊರ ಕಳವನ್ನು ಪೊಲೀಸರೇ ನೋಡಿಕೊಳ್ಳುತ್ತಾರೆಂದ ಮೇಲೆ ಅವನಿಗೆ ಕಾಳು ಕೊಡುವುದೇಕೆ ಎಂದು ಕೆಲವೆಡೆ ಊರವರೇ ಕೇಳತೊಡಗಿದರು.

ಬೆಟ್ಟದ ಸರಕಾರ

ಉಮಾಜಿ ಹುಟ್ಟಿದ್ದು 1791ರಲ್ಲಿ. ಎತ್ತರದ ಆಳಲ್ಲ, ಬುದ್ಧಿ ಮಾತ್ರ ಚುರುಕು. ಕಂಪನಿ ಆಳ್ವಿಕೆಯ ಮೊದಲ ವರ್ಷಗಳಲ್ಲೇ ದರೋಡೆಯ ಅಪರಾಧಕ್ಕೆ ಸೆರೆಮನೆ ಸೇರಿದ. ಓದು ಬರಹ ಕಲಿತದ್ದು ಅಲ್ಲೇ. ಅವನಿಗೆ ಅಕ್ಷರ ಕಲಿಯಲು ಬಿಡುವು ಒದಗಿಸಿದ್ದು ಕಂಪನಿಯ ಸೆರೆಮನೆ, ಆ ಅಕ್ಷರ ಆಮೇಲೆ ತಿರುಗಿದ್ದು ಕಂಪನಿಯ ಮೇಲೆಯೇ. ಹೊರಬಂದು ಸಂತೂ ನಾಯಕನ ಗುಂಪು ಸೇರಿದ. ಪುಣೆಯ ಮಗ್ಗುಲಲ್ಲೇ ಇದ್ದ ಭಾಂಬುರ್ಡೆಯಲ್ಲಿ ಸರಕಾರಿ ಖಜಾನೆ ಲೂಟಿಯಾದಾಗ ಅಧಿಕಾರಿಗಳು ಬೆಚ್ಚಿದರು. ಸಂತೂ ತೀರಿಕೊಂಡ ಮೇಲೆ ಗುಂಪಿನ ನಾಯಕತ್ವ ಉಮಾಜಿಗೆ ಬಂತು. 1826ರಿಂದ ಪುರಂದರ, ಜೇಜುರಿ, ಭೋರ್ ಸುತ್ತಿನ ಬೆಟ್ಟಗಳಲ್ಲಿ ಅವನದೇ ಆಟ.

ಅವನ ರೀತಿ ಹೀಗೆ. ಗುಂಪು ಒಂದೇ ಕಡೆ ನಿಲ್ಲುವುದಿಲ್ಲ. ಪುಣೆಯ ಕಲೆಕ್ಟರನ ಸವಾರರು ಬಂದರೆ ಸಾತಾರಾದ ರಾಜನ ಗಡಿಯೊಳಗೆ, ಅಲ್ಲಿಯೂ ಬೆನ್ನತ್ತಿದರೆ ಭೋರಿನ ಪಂತಸಚಿವನ ಕಾಡಿಗೆ. ಮೂರು ಆಡಳಿತಗಳ ಗಡಿ ಕೂಡುವ ಜಾಗ ಅವನ ಕೋಟೆಯಾಯಿತು. ಲೂಟಿಯಲ್ಲಿ ಒಂದು ಪಾಲು ಜೇಜುರಿಯ ಖಂಡೋಬನಿಗೆ. ನಮ್ಮ ಮೈಲಾರಲಿಂಗನೇ ಅಲ್ಲಿಯ ಖಂಡೋಬ. ಊರಿನವರಿಗೂ ದಾನ ಧರ್ಮ ನಡೆಯುತ್ತಿತ್ತು. ಸುದ್ದಿ ತರುವವರು ಪ್ರತಿ ಹಳ್ಳಿಯ ರಾಮೋಶಿಗಳೇ ಆಗಿದ್ದರು. ಕಲೆಕ್ಟರ್ ರಾಬರ್ಟ್‌ಸನ್ನನ ಪೇಚು ಇಲ್ಲಿತ್ತು. ದರೋಡೆಕೋರನನ್ನು ಹಿಡಿಯಲು ಊರ ಕಾವಲುಗಾರನನ್ನೇ ನೆಚ್ಚಬೇಕು, ಆದರೆ ಕಾವಲುಗಾರ ದರೋಡೆಕೋರನ ಬೀಗನಾಗಿದ್ದ.

ಕ್ರಮೇಣ ಉಮಾಜಿಯ ನಡೆ ಮಾರ್ಪಟ್ಟಿತು. ಪಲ್ಲಕ್ಕಿ, ಆಳುಕಾಳು, ಅಹವಾಲು ಕೇಳುವ ಬೈಠಕ್ಕು ಎಲ್ಲ ಬಂದವು. ತನ್ನನ್ನು ರಾಜನೆಂದು ಕರೆಸಿಕೊಂಡ. ಊರುಗಳು ಕಂದಾಯವನ್ನು ತನಗೆ ಕೊಡಬೇಕೆಂದು ಪತ್ರ ಕಳಿಸಿದ. ಮನ್ರೋ ಹತ್ತು ವರ್ಷದ ಹಿಂದೆ ಪೇಶ್ವೆಯ ಹಳ್ಳಿಗಳಲ್ಲಿ ಮಾಡಿದ್ದನ್ನೇ ಉಮಾಜಿ ಈಗ ಕಂಪನಿಯ ಹಳ್ಳಿಗಳಲ್ಲಿ ಮಾಡಿದ. ಕಂದಾಯ ಯಾರಿಗೆ ಸಲ್ಲುತ್ತದೋ ಸರಕಾರ ಅವನದು ಎಂಬುದು ಇಬ್ಬರಿಗೂ ತಿಳಿದ ಸತ್ಯ.

ಸರಕಾರ ಮೊದಲು ತಲೆಗೆ ಬಹುಮಾನ ಸಾರಿತು. ಅದು ಫಲಿಸದಿದ್ದಾಗ ಉಮಾಜಿಯ ಹೆಂಡತಿ ಮಕ್ಕಳನ್ನು ಹಿಡಿದು ಸೆರೆಯಲ್ಲಿಟ್ಟಿತು. ಅವರಿಗಾಗಿ ಉಮಾಜಿ ಬಗ್ಗಿದ. 1828ರಲ್ಲಿ ಹಿಂದಿನದೆಲ್ಲ ಮಾಫಿ ಮಾಡಿ, ಅವನನ್ನೂ ಅವನ ಜನರನ್ನೂ ಬೆಟ್ಟದ ಪೊಲೀಸರನ್ನಾಗಿ ಸಂಬಳಕ್ಕಿಟ್ಟುಕೊಂಡು, ಭೂಮಿಯನ್ನೂ ಕೊಟ್ಟರು. ಎಂದರೆ ಹತ್ತು ವರ್ಷದ ಹಿಂದೆ ಬೇಡವೆಂದು ತೆಗೆದುಹಾಕಿದ್ದ ಕಾವಲುಗಾರಿಕೆಯನ್ನೇ ಕಂಪನಿ ಮತ್ತೆ ದುಡ್ಡು ಕೊಟ್ಟು ಕೊಂಡಿತು. ಉಮಾಜಿಯ ಬಂಡಾಯ ಅಷ್ಟಕ್ಕೇ ನಿಂತಿದ್ದರೆ ಹಳೆಯ ದಖ್ಖನ್ನಿನ ಇನ್ನೊಂದು ರಾಜಿ ಕಥೆಯಾಗಿ ಮುಗಿಯುತ್ತಿತ್ತು.

ಅದೇ ಹೊತ್ತಿಗೆ ನಂದಗಡದಲ್ಲಿ

ಪುಣೆಯಿಂದ ದಕ್ಷಿಣಕ್ಕೆ ಕಿತ್ತೂರಿನಲ್ಲಿ ಇದೇ ಕಥೆ ಇನ್ನೊಂದು ಬಗೆಯಲ್ಲಿ ನಡೆಯಿತು. 1824ರ ಸೆಪ್ಟೆಂಬರ್‌ನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ, ಧಾರವಾಡದ ಕಲೆಕ್ಟರ್ ಥ್ಯಾಕರೆ ಅವನ ದತ್ತಕವನ್ನು ಒಪ್ಪದೆ ಖಜಾನೆಗೆ ಮುದ್ರೆ ಹಾಕಿಸಿದ. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ದೊಡ್ಡ ಪಡೆ ಬಂದು ಕೋಟೆ ಬಿತ್ತು. ಕಿತ್ತೂರಿನ ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರವರಿಯಲ್ಲಿ ಅವಳು ಅಲ್ಲೇ ತೀರಿಕೊಂಡಳು.

ಇಲ್ಲಿಯೂ ಅರಮನೆ ಬಿದ್ದ ಮೇಲೆ ಎದ್ದವನು ಕಾವಲುಗಾರ. ಸಂಗೊಳ್ಳಿ ರಾಯಣ್ಣ ಶೇತಸನದಿ. ಸೇವೆಗೆ ಪ್ರತಿಯಾಗಿ ಹೊಲ ಉಣ್ಣುವ ಊರ ಕಾವಲಿನ ಆಳು. ಕಿತ್ತೂರು ಕಂಪನಿಯ ವಶವಾದಾಗ ಆ ಸನದಿನ ಹೊಲಗಳ ಮೇಲೂ ಕಂದಾಯದ ಕಣ್ಣು ಬಿತ್ತು. ರಾಯಣ್ಣ 1830ರ ಹೊತ್ತಿಗೆ ಬೀಡಿ, ನಂದಗಡ, ಖಾನಾಪುರ, ಸಂಪಗಾವಿ ಸುತ್ತ ಕಚೇರಿಗಳನ್ನು ಸುಟ್ಟ, ಖಜಾನೆ ಲೂಟಿ ಮಾಡಿದ. ದತ್ತುಮಗ ಶಿವಲಿಂಗಪ್ಪನನ್ನು ಕಿತ್ತೂರಿನ ಗಾದಿಗೆ ಕೂರಿಸಬೇಕೆಂಬುದು ಅವನ ಹಟ. ಅವನ ಬಂಟರಲ್ಲಿ ಸಿದ್ದಿ ಜನಾಂಗದ ಗಜವೀರನೂ ಇದ್ದ. ಆಸುಪಾಸಿನ ಗೌಡರೇ ಹೊಂಚು ಹಾಕಿ 1830ರ ಏಪ್ರಿಲ್‌ನಲ್ಲಿ ಅವನನ್ನು ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ನೇಣು ಹಾಕಿದರು.

ರಾಯಣ್ಣ ಕಿತ್ತೂರಿನ ಗಾದಿಗಾಗಿ ಹೋರಾಡಿದ, ಉಮಾಜಿ ಪೇಶ್ವೆಯನ್ನು ಮರಳಿ ತರಬೇಕೆಂದು ಹೊರಟವನಲ್ಲ. ಆದರೆ ಇಬ್ಬರ ಕಾಲ ಒಂದೇ, ಇಬ್ಬರ ಹಿಂದೆ ನಿಂತ ಜನರೂ ಒಂದೇ ತರಹದವರು. ಹೊಲ ಕಳೆದುಕೊಂಡ ಕಾವಲುಗಾರರು, ಕೆಲಸ ಕಳೆದುಕೊಂಡ ಸಿಪಾಯಿಗಳು, ಕಂದಾಯದಿಂದ ಬೇಸತ್ತ ಒಕ್ಕಲುಗಳು. ಒಂದೇ ಕಂಪನಿಯ ಒಂದೇ ಬಗೆಯ ಲೆಕ್ಕಾಚಾರ ಎರಡು ಸೀಮೆಗಳಲ್ಲಿ ಒಂದೇ ಬೆಳೆ ತೆಗೆಯಿತು.

ಜಾಹೀರನಾಮೆಗೆ ಜಾಹೀರನಾಮೆ

ಸರಕಾರಿ ಸೇವೆಯಲ್ಲಿದ್ದ ಉಮಾಜಿ ತನ್ನ ಹಳೆಯ ವಸೂಲಿಯನ್ನು ಬಿಟ್ಟಿರಲಿಲ್ಲ. ಸರಕಾರ ಕೊಟ್ಟ ಅಧಿಕಾರವನ್ನೇ ಹಿಡಿದು ಸುತ್ತಲಿನ ಊರುಗಳಿಂದ ಹಕ್ಕಿನ ಹಣ ಎತ್ತಿದ, ಹೊಸ ಆಳುಗಳನ್ನು ಸೇರಿಸಿದ. ಕಚೇರಿಗೆ ಸಂಶಯ ಬಂತು. ಅವನನ್ನು ಹಿಡಿದಿಟ್ಟರು, ಅವನು ತಪ್ಪಿಸಿಕೊಂಡು ಮತ್ತೆ ಬೆಟ್ಟ ಸೇರಿದ. ಈ ಸಲ ಮಾತಿಗೆ ಜಾಗವಿರಲಿಲ್ಲ. 1831ರ ಫೆಬ್ರವರಿ 16ರಂದು, ರಾಯಣ್ಣನ ನೇಣಿಗೆ ಇನ್ನೂ ಒಂದು ತಿಂಗಳೂ ತುಂಬದಿರುವಾಗ, ಉಮಾಜಿಯ ಜಾಹೀರನಾಮೆ ಹೊರಟಿತು. ಜನ ಬಿಳಿಯರ ಚಾಕರಿ ಬಿಡಬೇಕು, ಯುರೋಪಿಯನ್ನರನ್ನು ಕಂಡಲ್ಲಿ ಹೊಡೆಯಬೇಕು, ಸರಕಾರಿ ಖಜಾನೆ ಲೂಟಿ ಮಾಡಬೇಕು, ಕಂದಾಯ ಕೊಡಬಾರದು. ಹಳೆಯ ವತನ, ಜಹಗೀರುಗಳು ಅವರವರಿಗೆ ಮರಳುತ್ತವೆ. ಎಲ್ಫಿನ್‌ಸ್ಟನ್ ಹದಿಮೂರು ವರ್ಷದ ಹಿಂದೆ ಇದೇ ಫೆಬ್ರವರಿಯಲ್ಲಿ ಕೊಟ್ಟ ಮಾತನ್ನು ಕಂಪನಿ ಉಳಿಸಿಕೊಳ್ಳಲಿಲ್ಲ, ತಾನು ಉಳಿಸುತ್ತೇನೆ ಎಂದಂತಿತ್ತು ಅದು.

ದರೋಡೆಯ ನಾಯಕ ದೇಶದ ಮಾತಾಡತೊಡಗಿದ್ದ. ಅವನನ್ನು ಹಿಡಿಯಲು ನಿಯೋಜಿತನಾದ ಕ್ಯಾಪ್ಟನ್ ಅಲೆಗ್ಸಾಂಡರ್ ಮ್ಯಾಕಿಂಟಾಷ್ ಇದನ್ನು ಚೆನ್ನಾಗಿ ಅರಿತಿದ್ದ. ಮುಂದೆ 1833ರಲ್ಲಿ ರಾಮೋಶಿಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದ ಅವನು, ಉಮಾಜಿಯ ಕಣ್ಣಮುಂದೆ ಶಿವಾಜಿಯ ಮಾದರಿಯಿತ್ತು ಎಂಬುದನ್ನು ಒಪ್ಪಿಕೊಂಡಿದ್ದಾನೆ. ಇದೇ ಬೆಟ್ಟಗಳಿಂದ, ಇದೇ ರಾಮೋಶಿಗಳನ್ನೂ ಮಾವಳಿಗಳನ್ನೂ ಕಟ್ಟಿಕೊಂಡು ಒಬ್ಬ ರಾಜ್ಯ ಕಟ್ಟಿದ್ದನ್ನು ಆ ಸೀಮೆಯಲ್ಲಿ ಮಗುವೂ ಬಲ್ಲದು. ತಾನೇಕೆ ಕಟ್ಟಬಾರದು ಎಂದು ಉಮಾಜಿಗೆ ಅನಿಸಿದ್ದು ಸಹಜವೇ.

ಮ್ಯಾಕಿಂಟಾಷ್ ಬಂದೂಕಿಗಿಂತ ಬಹುಮಾನವನ್ನು ನಂಬಿದ. ಹಿಡಿದುಕೊಟ್ಟವರಿಗೆ 10,000 ರೂಪಾಯಿ, ಜೊತೆಗೆ 400 ಬಿಘೆ ಭೂಮಿ. ಹೊಲಕ್ಕಾಗಿ ಎದ್ದವನನ್ನು ಹೊಲದ ಆಸೆ ತೋರಿಸಿಯೇ ಹಿಡಿಯಬೇಕಾಯಿತು. ಉಮಾಜಿಯ ಬಳಗದವರೇ ಮಾತಿಗೆ ಸಿಕ್ಕರು. 1831ರ ಡಿಸೆಂಬರ್ 15ರಂದು ಭೋರ್ ಸೀಮೆಯ ಉತ್ರೋಳಿಯಲ್ಲಿ ಅವನು ಸೆರೆಯಾದ. ಪುಣೆಯಲ್ಲಿ ವಿಚಾರಣೆ ನಡೆದು 1832ರ ಫೆಬ್ರವರಿ 3ರಂದು ಖಡಕಮಾಳ ಆಳಿಯ ಮಾಮಲೇದಾರ ಕಚೇರಿಯ ಆವರಣದಲ್ಲಿ ನೇಣಿಗೇರಿಸಿದರು. ಜನರಿಗೆ ಪಾಠವಾಗಲಿ ಎಂದು ಹೆಣವನ್ನು ಅರಳಿಮರಕ್ಕೆ ಮೂರು ದಿನ ತೂಗುಹಾಕಿದ್ದರು. ಅಲ್ಲಿಂದ ಶನಿವಾರವಾಡೆ ನಡೆದು ಹೋಗುವಷ್ಟು ಹತ್ತಿರ.

ಎಂಬತ್ತು ವರ್ಷದ ನಂತರ, ಮನಿಲಾದಲ್ಲಿ

ಪುಣೆಯ ಈ ಕಥೆಗೆ ಸಮುದ್ರದಾಚೆ ಒಂದು ಜೋಡಿಯಿದೆ. 1897ರ ಜೂನ್ 22ರ ರಾತ್ರಿ ಪುಣೆಯ ಗಣೇಶಖಿಂಡ ರಸ್ತೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹೊಡೆದ ದಾಮೋದರ ಚಾಫೇಕರನನ್ನು 1898ರ ಏಪ್ರಿಲ್ 18ರಂದು ಯೆರವಡಾದಲ್ಲಿ ಗಲ್ಲಿಗೇರಿಸಿದರು. ಅದಾದ ಹದಿಮೂರನೆಯ ದಿನ, ಮೇ 1ರಂದು, ಅಮೆರಿಕದ ನೌಕಾಪಡೆ ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ಹಡಗುಗಳನ್ನು ಮುಳುಗಿಸಿತು. ಸ್ಪೇನಿನ ಮುನ್ನೂರು ವರ್ಷದ ಆಳ್ವಿಕೆಯ ವಿರುದ್ಧ ಆಗಲೇ ಎದ್ದಿದ್ದ ಫಿಲಿಪಿನೋಗಳು ಜೂನ್ 12ರಂದು ಕಾವಿತ್ ಊರಿನಲ್ಲಿ ಎಮಿಲಿಯೋ ಅಗಿನಾಲ್ಡೋನ ನಾಯಕತ್ವದಲ್ಲಿ ಸ್ವಾತಂತ್ರ್ಯ ಸಾರಿದರು. ಅಮೆರಿಕನ್ನರು ನಮ್ಮ ಗೆಳೆಯರು ಎಂಬ ನಂಬಿಕೆ ಅವರದು. ಆಗಸ್ಟ್ 13ರಂದು ಸ್ಪೇನ್ ಮತ್ತು ಅಮೆರಿಕ ಮೊದಲೇ ಮಾತಾಡಿಕೊಂಡು ಒಂದು ಹುಸಿ ಕಾಳಗ ನಡೆಸಿ, ಮನಿಲಾವನ್ನು ಕೈಬದಲಾಯಿಸಿಕೊಂಡವು. ಊರ ಸುತ್ತ ಮುತ್ತಿಗೆ ಹಾಕಿ ಕೂತಿದ್ದ ಫಿಲಿಪಿನೋಗಳನ್ನು ಒಳಗೆ ಬಿಡಲಿಲ್ಲ. ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಸ್ಪೇನ್ ಇಡೀ ದ್ವೀಪಸಮೂಹವನ್ನು 2 ಕೋಟಿ ಡಾಲರಿಗೆ ಬಿಟ್ಟುಕೊಟ್ಟಿತು. ಪೇಶ್ವೆಗೆ ಕಂತಿನಲ್ಲಿ ಸಂದದ್ದು ಸ್ಪೇನಿಗೆ ಇಡಿಗಂಟಾಗಿ ಸಂದಿತು.

1899ರ ಫೆಬ್ರವರಿ 4ರಂದು ಯುದ್ಧ ಹತ್ತಿಕೊಂಡಿತು. ಎದುರೆದುರು ನಿಂತು ಗೆಲ್ಲಲಾಗದ ಫಿಲಿಪಿನೋಗಳು ವರ್ಷ ತುಂಬುವ ಮೊದಲೇ ಕಾಡು, ಬೆಟ್ಟ ಸೇರಿ ಹೊಂಚುದಾಳಿಗೆ ಇಳಿದರು. 1901ರ ಮಾರ್ಚ್ 23ರಂದು ಅಗಿನಾಲ್ಡೋನನ್ನು ಹಿಡಿದದ್ದೂ ಉತ್ರೋಳಿಯ ಮಾದರಿಯಲ್ಲೇ. ಫಿಲಿಪಿನೋ ಸೈನಿಕರ ವೇಷ ತೊಟ್ಟು, ಅಮೆರಿಕನ್ನರನ್ನು ಸೆರೆಹಿಡಿದು ತಂದವರಂತೆ ನಟಿಸುತ್ತ ಅವನ ಬಿಡಾರ ಹೊಕ್ಕವರು ಮಕಬೆಬೆ ಊರಿನ ದೇಶೀ ಸಿಪಾಯಿಗಳು. ಅಗಿನಾಲ್ಡೋ ಮುಂದಿನ ತಿಂಗಳೇ ಅಮೆರಿಕಕ್ಕೆ ನಿಷ್ಠೆಯ ಪ್ರಮಾಣ ಮಾಡಿದ, 94 ವರ್ಷ ಬದುಕಿದ. 1902ರ ಜುಲೈ 4ರಂದು ಅಧ್ಯಕ್ಷ ರೂಸ್‌ವೆಲ್ಟ್ ಯುದ್ಧ ಮುಗಿಯಿತೆಂದು ಸಾರಿದ. ಆ ಹೊತ್ತಿಗೆ ಸುಮಾರು 4,200 ಅಮೆರಿಕನ್ ಸೈನಿಕರು, 20,000 ಫಿಲಿಪಿನೋ ಹೋರಾಟಗಾರರು ಸತ್ತಿದ್ದರು. ಹಸಿವು, ರೋಗ, ಹಿಂಸೆಗಳಿಂದ ಸತ್ತ ಸಾಮಾನ್ಯ ಜನ ಎರಡು ಲಕ್ಷದವರೆಗೆ ಎಂಬ ಅಂದಾಜಿದೆ.

ಮುಗಿದ ಯುದ್ಧವನ್ನು ಮುಂದುವರಿಸಿದವನು ಮಕಾರಿಯೋ ಸಕಾಯ್. ಮನಿಲಾದ ತೊಂಡೋ ಕೇರಿಯವನು, ಬಡವರ ಮನೆಯ ಹುಡುಗ, ದರ್ಜಿ ಕೆಲಸವನ್ನೂ ನಾಟಕದ ಪಾತ್ರವನ್ನೂ ಮಾಡಿಕೊಂಡಿದ್ದವನು. ನಾಯಕ ಶರಣಾದ ಮೇಲೂ ಬೆಟ್ಟ ಹಿಡಿದು ಕೂತು ತನ್ನದೇ ಗಣರಾಜ್ಯ ಘೋಷಿಸಿದ. 1902ರ ನವೆಂಬರ್‌ನಲ್ಲಿ ಅಮೆರಿಕನ್ ಆಡಳಿತ ಒಂದು ಕಾಯಿದೆ ತಂದಿತು. ಇನ್ನು ಮುಂದೆ ಬೆಟ್ಟದಲ್ಲಿ ಬಂದೂಕು ಹಿಡಿದು ತಿರುಗುವ ಗುಂಪಿಗೆ ಸೇರಿದವನು ಯೋಧನಲ್ಲ, ದರೋಡೆಕೋರ. 1906ರಲ್ಲಿ ಜೀವಭಯವಿಲ್ಲವೆಂಬ ಮಾತು ನಂಬಿ ಸಕಾಯ್ ಇಳಿದು ಬಂದ. ಔತಣಕ್ಕೆ ಕರೆದು ಹಿಡಿದರು. 1907ರ ಸೆಪ್ಟೆಂಬರ್ 13ರಂದು ದರೋಡೆಕೋರನೆಂದೇ ನೇಣು ಹಾಕಿದರು.

ಪುಣೆಯ ಕಚೇರಿ ಉಮಾಜಿಗೆ ಕೊಟ್ಟ ಹೆಸರೂ ಇದೇ. ಆ ಹೆಸರು ಪೂರ್ತಿ ಸುಳ್ಳೂ ಅಲ್ಲ. ಅವನು ಸಾಹುಕಾರರನ್ನು ಸುಲಿದ, ಹಣ ಕೊಡದ ಊರುಗಳನ್ನು ಹೆದರಿಸಿದ, ಅವನ ಜನರ ಕೈಗೆ ಸಿಕ್ಕವರು ಸುಖಪಡಲಿಲ್ಲ. ಆದರೆ ಆ ಹೆಸರಿನಿಂದ ಸರಕಾರಕ್ಕೆ ಒಂದು ದೊಡ್ಡ ಅನುಕೂಲವಿತ್ತು. ಎದುರಾಳಿಯನ್ನು ರಾಜಕೀಯದವನೆಂದು ಒಪ್ಪಿದರೆ ಅವನ ಅಹವಾಲು ಕೇಳಬೇಕು, ಕಳೆದ ಹೊಲದ ಮಾತೆತ್ತಬೇಕು. ಕಳ್ಳನೆಂದರೆ ನ್ಯಾಯಾಧೀಶನಿಗೆ ಒಪ್ಪಿಸಿದರೆ ಸಾಕು.

ಕಾವಲಿನ ಸಾಲು

ಉಮಾಜಿಯೊಡನೆ ಈ ಸಾಲು ಮುಗಿಯಲಿಲ್ಲ. 1844ರಲ್ಲಿ ಕೊಲ್ಲಾಪುರ ಸೀಮೆಯ ಸಾಮಾನಗಡ, ಭೂದರಗಡಗಳಲ್ಲಿ ವಂಶಪಾರಂಪರ್ಯವಾಗಿ ಕೋಟೆ ಕಾಯುತ್ತಿದ್ದ ಗಡಕರಿಗಳು ತಮ್ಮ ಭೂಮಿಯನ್ನು ಸರಕಾರ ಮಾಮಲೇದಾರರ ಕೈಗೆ ಒಪ್ಪಿಸಿದ್ದಕ್ಕೆ ಬಾಗಿಲು ಹಾಕಿಕೊಂಡು ಬಂಡೆದ್ದರು. ಪನ್ಹಾಳದಲ್ಲಿ ಕರ್ನಲ್ ಓವನ್ಸ್‌ನನ್ನೇ ಹಿಡಿದಿಟ್ಟರು. ಪುಣೆಯ ಉತ್ತರದ ಬೆಟ್ಟಗಳಲ್ಲಿ ಕೋಳಿ ಸಮುದಾಯದ ರಾಘೋಜಿ ಭಾಂಗ್ರೆ ಎದ್ದ, 1848ರಲ್ಲಿ ಠಾಣೆಯಲ್ಲಿ ನೇಣಿಗೇರಿದ. 1857ರಲ್ಲಿ ಆಯುಧ ಒಪ್ಪಿಸಿ ಎಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪದೆ ಸತ್ತರು, ಲಾವಣಿಯಾಗಿ ಉಳಿದರು.

1879ರಲ್ಲಿ ಪುಣೆಯ ವಾಸುದೇವ ಬಳವಂತ ಫಡಕೆ ಈ ಸಾಲಿಗೆ ಬಂದು ಸೇರಿದ. ಅವನ ಅಜ್ಜ ಕರ್ನಾಳ ಕೋಟೆಯ ಕಿಲ್ಲೇದಾರ, 1818ರಲ್ಲಿ ಆ ಕೋಟೆ ಕಳೆದುಕೊಂಡವನು. ಮೊಮ್ಮಗ ಪುಣೆಯ ಮಿಲಿಟರಿ ಲೆಕ್ಕಪತ್ರದ ಕಚೇರಿಯಲ್ಲಿ ಕಾರಕೂನ. 1876–77ರ ಬರದಲ್ಲಿ ಜನ ಸಾಯುವುದನ್ನು ಕಂಡು ಸರಕಾರವನ್ನೇ ಉರುಳಿಸಲು ಹೊರಟ ಅವನು ಮೊದಲು ಹುಡುಕಿಕೊಂಡು ಹೋದದ್ದು ರಾಮೋಶಿಗಳನ್ನು. ದೌಲತರಾವ ನಾಯಕ ಅವನ ಬಲಗೈಯಾದ. ಆದರೆ ಗುಂಪಿನ ಬಹುಪಾಲಿಗೆ ಲೂಟಿಯೇ ಮುಖ್ಯ, ತನ್ನ ಸ್ವರಾಜ್ಯದ ಮಾತು ಅಷ್ಟಾಗಿ ತಲೆಗೆ ಹತ್ತಲಿಲ್ಲ ಎಂದು ಫಡಕೆ ಆತ್ಮವೃತ್ತದಲ್ಲಿ ನೊಂದುಕೊಂಡಿದ್ದಾನೆ. ದೌಲತರಾವ ಸತ್ತ ಮೇಲೆ ಅವನು ಶ್ರೀಶೈಲಕ್ಕೆ ಹೋದ. ಮತ್ತೆ ಹೊಸ ಪಡೆ ಕಟ್ಟುವ ಯತ್ನದಲ್ಲಿ, ಜ್ವರದಲ್ಲಿ, ಜುಲೈ ತಿಂಗಳಲ್ಲಿ ನಮ್ಮ ಸಿಂದಗಿ ಸೀಮೆಯ ದೇವರ ನಾವದಗಿಯಲ್ಲಿ ಮೇಜರ್ ಡೇನಿಯಲ್ ಕೈಗೆ ಸಿಕ್ಕಿಬಿದ್ದ. ಪುಣೆಯಲ್ಲಿ ಸಾರ್ವಜನಿಕ ಕಾಕಾ ಎಂದೇ ಹೆಸರಾದ ಗಣೇಶ ವಾಸುದೇವ ಜೋಶಿ ಅವನ ಪರ ವಾದಿಸಿದರು. ಏಡನ್‌ಗೆ ಗಡಿಪಾರು ಮಾಡಿದರು. ಅಲ್ಲಿಯೇ 1883ರ ಫೆಬ್ರವರಿ 17ರಂದು ತೀರಿಕೊಂಡ.

ಫಡಕೆಯ ಹೆಸರು ಶಾಲೆಯ ಪುಸ್ತಕ ಸೇರಿತು. ಅವನ ರಾಮೋಶಿ ಬಂಟರು ಸೇರಿದ್ದು ಬೇರೆಯೇ ಪುಸ್ತಕಕ್ಕೆ. ಕೆಲವು ಜಾತಿಗಳವರು ಹುಟ್ಟಿನಿಂದಲೇ ಕಳ್ಳರು ಎಂಬ ನಂಬಿಕೆಯ ಮೇಲೆ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂದಿತ್ತು. ಬರಬರುತ್ತ ದಖ್ಖನ್ನಿಗೂ ಹಬ್ಬಿದ ಆ ಕಾಯಿದೆಯ ಕೆಳಗೆ ಹೆಸರು ನೋಂದಾಯಿಸುವುದು, ಹಾಜರಿ ಹಾಕುವುದು, ಅಪ್ಪಣೆಯಿಲ್ಲದೆ ಊರು ಬಿಡದಿರುವುದು ಎಲ್ಲ ಬಂದವು. ಊರ ಕಳ್ಳನನ್ನು ಹೆಜ್ಜೆ ಹಿಡಿದು ಹುಡುಕುತ್ತಿದ್ದವರ ಹೆಜ್ಜೆಯನ್ನೇ ಪೊಲೀಸರು ಕಾಯತೊಡಗಿದರು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ ಕಾಯಿದೆ ರದ್ದಾಯಿತು. ಇಂದು ಮಹಾರಾಷ್ಟ್ರ ಸರಕಾರದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿ ರಾಮೋಶಿಗಳೂ ಇದ್ದಾರೆ, ನಮ್ಮ ಬೇಡರ ಬಳಗದ ಬೇರಡರೂ ಇದ್ದಾರೆ.

ಪೇಶ್ವೆ ಕಳೆದುಕೊಂಡ ರಾಜ್ಯದ ಬೆಲೆ ವರ್ಷಕ್ಕೆ 8 ಲಕ್ಷವೆಂದು ಕರಾರಿನಲ್ಲೇ ಬರೆದಿತ್ತು. ಕಾವಲುಗಾರ ಕಳೆದುಕೊಂಡದ್ದು ತುಂಡು ಹೊಲ, ಕಣದ ನಾಲ್ಕು ಸೇರು ಕಾಳು, ಊರಲ್ಲಿ ಒಂದು ಸ್ಥಾನ. ಅದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ. ಹಾಗೆ ಬೆಲೆ ಕಟ್ಟದ್ದರಿಂದಲೇ ಪುಣೆಯಲ್ಲಿ ಯುದ್ಧ 1818ಕ್ಕೆ ಮುಗಿಯಲಿಲ್ಲ. ದೊರೆಗಳ ಕರಾರಿಗೆ ಒಂದು ತಾರೀಖು ಸಾಕು. ಆ ಕರಾರಿನಲ್ಲಿ ಹೆಸರಿಲ್ಲದವರ ಬಾಕಿ ಮಾತ್ರ ಅವರ ಮಕ್ಕಳು ಮೊಮ್ಮಕ್ಕಳ ಮೇಲೂ ನಿಂತಿತು.